ಉಸುಕಿನ ಹಳ್ಳದ ಉಗಮ ಹುಡುಕಿದ್ದು

ಸರ್ವೆ ಇಲಾಖೆಗೆ ಹೊಸದಾಗಿ ಸೇರಿದ ಹುಡುಗರು ಒಮ್ಮೊಮ್ಮೆ ನನ್ನನ್ನು ನೋಡಲು ಬರುತ್ತಾರೆ. ಕೈಯಲ್ಲಿ ಅಂಗೈಯಗಲದ ಒಂದು ಯಂತ್ರ ಇರುತ್ತದೆ. ಗುಂಡಿ ಒತ್ತಿದರೆ ಸಾಕು, ನಾವು ಭೂಮಿಯ ಮೇಲೆ ಎಲ್ಲಿ ನಿಂತಿದ್ದೇವೆ ಎಂಬುದನ್ನು ಆಕಾಶದಲ್ಲಿರುವ ಯಾವುದೋ ಉಪಗ್ರಹ ತಿಳಿಸುತ್ತದಂತೆ. ಹೋದ ಸಲ ಬಂದವರು ನನ್ನ ಮನೆಯ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಅದನ್ನು ಒತ್ತಿ ತೋರಿಸಿದರು. ನಾವೆಲ್ಲ ಪಕ್ಕದ ಮನೆಯ ದನದ ಕೊಟ್ಟಿಗೆಯಲ್ಲಿದ್ದೇವೆ ಎಂದು ಬಂತು. ನನಗೆ ತುಂಬ ಸಮಾಧಾನವಾಯಿತು. ಇಲಾಖೆ ಇನ್ನೂ ನಮ್ಮ ಹಳೆಯ ಇಲಾಖೆಯೇ ಆಗಿ ಉಳಿದಿದೆ.

"ನಿಮ್ಮ ಅನುಭವ ಬರೆದುಕೊಡಿ ಸರ್" ಎಂದು ಕೇಳಿದ್ದು ಅವರೇ. ಅನುಭವ ಎಂದರೆ ಅವರ ಮನಸ್ಸಿನಲ್ಲಿ ಇರುವುದು ಬಡ್ತಿ, ವರ್ಗಾವಣೆ, ನಿವೃತ್ತಿಯ ದಿನ ಹೊದಿಸಿದ ಶಾಲು. ಅದನ್ನೆಲ್ಲ ಬಿಟ್ಟುಬಿಡುತ್ತೇನೆ. ಬಡ್ತಿ ಸಿಕ್ಕಾಗ ನನ್ನ ಕೆಲಸವೇನೂ ಬದಲಾಗಲಿಲ್ಲ, ಬೈಯುವವರು ಮಾತ್ರ ಬದಲಾದರು. ಶಾಲನ್ನು ನುಸಿ ತಿಂದಿದೆ. ನಾನು ಹೇಳಬೇಕೆಂದಿರುವುದು ಒಂದು ಹಳ್ಳದ ವಿಷಯ. ನಾಲ್ಕು ಜನಕ್ಕೆ ಕುಡಿಯುವ ನೀರು ಉಳಿಯುವುದೋ ಹೋಗುವುದೋ ಎಂಬುದು ನಾವು ಎಳೆಯುವ ಒಂದು ಗೆರೆಯ ಮೇಲೆ ನಿಂತಿರುತ್ತದೆ ಎಂದು ನನಗೆ ಕಲಿಸಿದ್ದು ಅದೇ.

ನದಿ ಎಂದರೆ ನೀರು ಎಂದು ತಿಳಿದವರು ನಮ್ಮ ಸೀಮೆಗೆ ಬರಬಾರದು. ಲಿಂಗಸೂಗೂರು ಕಡೆಯ ಕಲ್ಲುಗುಡ್ಡಗಳಲ್ಲಿ ಎಲ್ಲೋ ಹುಟ್ಟಿ, ಮಸ್ಕಿಯ ಮಗ್ಗುಲಿಗೆ ಹಾದು, ಸಿಂಧನೂರಿನ ಎರೆಹೊಲಗಳ ನಡುವೆ ಇಳಿದು ತುಂಗಭದ್ರೆಯನ್ನು ಸೇರುವ ನಮ್ಮ ಹಳ್ಳ ವರ್ಷದ ಬಹುಪಾಲು ಬರೀ ಉಸುಕು. ಅದರಲ್ಲಿ ಕುರಿ ಮಲಗುತ್ತವೆ, ಗಾಡಿ ಓಡಾಡುತ್ತವೆ, ಊರ ಪಂಚಾಯ್ತಿ ಸೇರುತ್ತದೆ. ಮೇಲೆ ಎಲ್ಲೋ ಮಳೆಯಾದರೆ, ಕೆಳಗೆ ಬಿಸಿಲು ಸುಡುತ್ತಿರುವಾಗಲೇ, ಕೆಂಪು ನೀರು ಎದೆಮಟ್ಟ ಬಂದು ಹೊತ್ತು ಇಳಿಯುವುದರೊಳಗೆ ಹೋಗಿಬಿಡುತ್ತದೆ. ಜನ ಅದಕ್ಕೆ "ಹಳ್ಳ ಬಂತು" ಎನ್ನುತ್ತಾರೆ, ಬೀಗರು ಬಂದರು ಎನ್ನುವ ಹಾಗೆ. ಹೋದ ಮೇಲೆ ಅದರ ಆಸ್ತಿಯೆಲ್ಲ ಉಸುಕಿನ ಕೆಳಗೆ ಉಳಿಯುತ್ತದೆ. ಅಲ್ಲಿ ಕೈಯಿಂದ ತೋಡಿದರೆ ಸಿಹಿನೀರು ಒಸರುತ್ತದೆ. ಆ ತೋಡಿಗೆ ವರತಿ ಎಂದು ಹೆಸರು.

ಈ ಹಳ್ಳವನ್ನು ನಮಗಿಂತ ಮೊದಲು ಇಬ್ಬರು ಶೋಧಿಸಿದ್ದರು. ಒಬ್ಬ ಲಿಂಗಸೂಗೂರಿನ ದಂಡಿನ ಛಾವಣಿಯ ಬಿಳಿ ಸಾಹೇಬ. ಅವನು ಬಂದದ್ದು ಮಳೆಗಾಲದಲ್ಲಿ, ಅದೂ ಹಳ್ಳ ಬಂದ ದಿನವೇ. ಅವನ ನಕ್ಷೆಯಲ್ಲಿ ಹಳ್ಳ ಕೃಷ್ಣೆಯ ತಂಗಿಯಷ್ಟು ಅಗಲವಾಗಿದೆ, ಪಕ್ಕದಲ್ಲಿ "ದೋಣಿ ಸಾಗಬಹುದು" ಎಂದು ಇಂಗ್ಲಿಷಿನಲ್ಲಿ ಬರೆದಿದ್ದಾನೆ. ಇನ್ನೊಬ್ಬರು ನಿಜಾಮರ ಕಾಲದ ಅಮೀನ್ ಸಾಹೇಬರು. ಅವರು ಬಂದದ್ದು ಬೇಸಿಗೆಯಲ್ಲಿ. ಅವರ ನಕ್ಷೆಯಲ್ಲಿ ಹಳ್ಳವೇ ಇಲ್ಲ, ಅದರ ಜಾಗದಲ್ಲಿ ಉರ್ದುವಿನಲ್ಲಿ "ರಾಸ್ತಾ" ಎಂದಿದೆ. ಇಬ್ಬರೂ ಕಂಡದ್ದನ್ನೇ ಬರೆದಿದ್ದರು. ಈ ಎರಡನ್ನೂ ಮುಂದಿಟ್ಟುಕೊಂಡು ಮೂರನೆಯ ನಕ್ಷೆ ಮಾಡಬೇಕೆಂದು ನಮಗೆ ಆದೇಶ ಬಂತು.

ನಾನು ಕೆಲಸಕ್ಕೆ ಸೇರಿದ್ದು ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯಾದ ಮರುವರ್ಷ. ಅಲ್ಲಿಯವರೆಗೆ ಕಚೇರಿಯ ವ್ಯವಹಾರವೆಲ್ಲ ಉರ್ದುವಿನಲ್ಲಿತ್ತು. ನಾನು ಪಾಡುಪಟ್ಟು ಉರ್ದು ಕಲಿತು ಮುಗಿಸುವ ಹೊತ್ತಿಗೆ ಇಂಗ್ಲಿಷ್ ಬಂತು. ಇಂಗ್ಲಿಷಿಗೆ ನಾಲಿಗೆ ಹೊರಳುವ ಹೊತ್ತಿಗೆ ರಾಜ್ಯಗಳು ಒಡೆದು ಕೂಡಿ ಕನ್ನಡ ಬಂತು. ಒಂದೇ ಹೊಲದ ಬಗ್ಗೆ ಮೂರು ಭಾಷೆಗಳಲ್ಲಿ ತಪ್ಪು ಬರೆದವರು ನಮ್ಮ ತಲೆಮಾರಿನಲ್ಲಿ ಬಹಳ ಮಂದಿ ಇದ್ದಾರೆ. ನಮ್ಮ ಕಚೇರಿಯ ನಕ್ಷೆಗಾರರೊಬ್ಬರು ಉರ್ದು ನಕ್ಷೆಯ ಮೇಲೆ ತೆಳುಬಟ್ಟೆ ಇಟ್ಟು ಗೆರೆ ಎತ್ತಿಕೊಂಡು, ಬಲದಿಂದ ಎಡಕ್ಕೆ ಬರೆದದ್ದನ್ನು ಸರಿ ಮಾಡುವ ಉತ್ಸಾಹದಲ್ಲಿ ಬಟ್ಟೆಯನ್ನೇ ಮಗುಚಿ ಹಾಕಿದರು. ಆ ಮಳೆಗಾಲ ಕಳೆಯುವವರೆಗೂ ಜವಳಗೇರಾ ನಮ್ಮ ಕಾಗದಗಳಲ್ಲಿ ಹಳ್ಳದ ಆಚೆ ದಂಡೆಯಲ್ಲಿತ್ತು. ಜವಳಗೇರಾದವರಿಗೆ ಅದರಿಂದ ಯಾವ ತೊಂದರೆಯೂ ಆಗಲಿಲ್ಲ, ಅವರಿಗೆ ಯಾರೂ ತಿಳಿಸಿರಲಿಲ್ಲ.

ನನ್ನ ಜೊತೆ ಸರಪಳಿ ಎಳೆಯುತ್ತಿದ್ದವನು ಖಾಜಾಸಾಬ್. ಮಸ್ಕಿಯವನು, ನನಗಿಂತ ಹಿರಿಯ. ಕನ್ನಡದಲ್ಲಿ ಮಾತಾಡಿ ದಖನಿ ಉರ್ದುವಿನಲ್ಲಿ ಬೈಯುತ್ತಿದ್ದ. ಆಗಿನ ಅಳತೆಯೆಂದರೆ ಒಂದು ಉಕ್ಕಿನ ಸರಪಳಿ, ನಾಲ್ಕು ಝಂಡಾ, ಮೂರು ಕಾಲಿನ ಮೇಜಿನ ಮೇಲೆ ಒತ್ತಿ ಅಂಟಿಸಿದ ಕಾಗದ. ಬಿಸಿಲಿಗೆ ಸರಪಳಿ ಕಾದು ಅಂಗೈ ಸುಡುತ್ತಿತ್ತು. ಖಾಜಾ ಅದನ್ನು ಹೆಗಲ ಮೇಲೆ ಹಾಕಿಕೊಂಡು, "ಸಾಬ್, ಕಳ್ಳರಿಗೂ ಬೇಡಿ ಕೈಗಷ್ಟೇ ಹಾಕ್ತಾರ" ಎನ್ನುತ್ತಿದ್ದ.

ಹಳ್ಳದ ನಕ್ಷೆಯ ಕೆಲಸಕ್ಕೆ ಮೇಲಧಿಕಾರಿಯಾಗಿ ಬಂದವರು ಬಳ್ಳಾರಿ ಕಡೆಯವರು, ಮದರಾಸಿನಲ್ಲಿ ಬಹಳ ವರ್ಷ ನೌಕರಿ ಮಾಡಿದವರು. ಒಳ್ಳೆಯ ಇಸ್ತ್ರಿಯ ಮನುಷ್ಯ. ನೈಲ್ ನದಿಯ ಮೂಲವನ್ನು ಬಿಳಿಯರು ಹುಡುಕಿದ ಕಥೆಯನ್ನು ಯಾವುದೋ ಇಂಗ್ಲಿಷ್ ಪುಸ್ತಕದಲ್ಲಿ ಓದಿ, ಅದು ತಲೆಗೇರಿತ್ತು. ಬಂದ ದಿನವೇ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, "ಮಹನೀಯರೆ, ಮರುಭೂಮಿಯ ನದಿಯ ಉಗಮವನ್ನು ಪತ್ತೆ ಮಾಡುವ ಭಾಗ್ಯ ನಮ್ಮದಾಗಿದೆ" ಎಂದರು. ಖಾಜಾ ನನ್ನ ಕಿವಿಯಲ್ಲಿ, "ಮರುಭೂಮಿ ಎಲ್ಲೈತ್ರಿ ಸಾಬ್? ಜೋಳ ಬೆಳಿಯಾಕತ್ತೀವಲ್ಲ" ಎಂದ. ಅಂದಿನಿಂದ ಅವರಿಗೆ ಉಗಮ ಸಾಹೇಬರು ಎಂದೇ ಹೆಸರಾಯಿತು. ಎರಡು ಸಾವಿರ ವರ್ಷದ ಹಿಂದಿನ ಒಬ್ಬ ಅರಸನ ಹೆಸರು ಮಸ್ಕಿ ಗುಡ್ಡದ ಬಂಡೆಯ ಮೇಲೆ ಸಿಕ್ಕಿತ್ತಲ್ಲ, ಅದನ್ನು ನೋಡಿ ಬಂದ ಮೇಲೆ ಉಗಮ ಸಾಹೇಬರು ಎರಡು ದಿನ ಮಂಕಾಗಿದ್ದರು. ಉಗಮದಲ್ಲಿ ಒಂದು ಒಳ್ಳೆಯ ಕಲ್ಲು ಸಿಗುತ್ತದೆಯೇ ಎಂದು ಆಮೇಲೆ ನನ್ನನ್ನು ವಿಚಾರಿಸಿದರು.

ನಾವು ಉಸುಕಿನಲ್ಲಿ ಮೇಲ್ಮುಖವಾಗಿ ಅಳೆಯುತ್ತ ಹೊರಟೆವು. ಸಾಹೇಬರು ದಾರಿ ಇದ್ದಷ್ಟು ದೂರ ಜೀಪಿನಲ್ಲಿ ಬರುತ್ತಿದ್ದರು. ಜೀಪು ಸರ್ಕಾರದ್ದಾದರೂ ಅದನ್ನು ಬೇರೆಯವರು ಮುಟ್ಟುವಂತಿರಲಿಲ್ಲ, ಸ್ವತಃ ಓಡಿಸುತ್ತಿದ್ದರು. ಅಷ್ಟರಲ್ಲಿ ಸುದ್ದಿ ನಮಗಿಂತ ಮುಂದೆ ಓಡಿತ್ತು. ಉಗಮ ಯಾವ ಊರಿನಲ್ಲಿ ಸಿಗುತ್ತದೋ ಆ ಊರಿಗೆ ಡಾಂಬರು ರಸ್ತೆ ಬರುತ್ತದೆ, ಗುಡಿ ಕಟ್ಟಿಸುತ್ತಾರೆ ಎಂದು ಯಾರೋ ಹಬ್ಬಿಸಿದ್ದರು. ಹಾಗಾಗಿ ಪಾಮನಕಲ್ಲೂರು ದಾಟಿದ ಮೇಲೆ ನಮಗೆ ಊರೂರಿಗೊಂದು ಉಗಮ ಸಿಗತೊಡಗಿತು. ಒಂದು ಊರಿನಲ್ಲಿ ಜೋಳ ತುಂಬಿಡುವ ನೆಲದ ಹಗೇವನ್ನೇ ತೊಳೆದು ಅರಿಶಿನ ಕುಂಕುಮ ಹಚ್ಚಿ, ಒಳಗೆ ನೀರು ತುಂಬಿಸಿ ತೋರಿಸಿದರು. ಜೋಳ ತೆಗೆದು ಎಲ್ಲಿ ಇಟ್ಟಿರಿ ಎಂದು ಕೇಳಿದ್ದಕ್ಕೆ ಊರವರು ಒಬ್ಬರ ಮುಖ ಒಬ್ಬರು ನೋಡಿದರು.

ಇನ್ನೊಂದು ಊರಿನವರು ಬುದ್ಧಿವಂತರು. ಗುಡ್ಡದ ಬುಡದಲ್ಲಿ ಕಲ್ಲಿನ ಬಸವಣ್ಣನನ್ನು ಕೂಡಿಸಿದ್ದರು. ಬಸವಣ್ಣನ ಬಾಯಿಂದ ಸಣ್ಣಗೆ ನೀರು ಸುರಿಯುತ್ತಿತ್ತು. ಉಗಮ ಸಾಹೇಬರು ಬೂಟು ಕಳಚಿ, ಕಣ್ಣು ಮುಚ್ಚಿ, ಬೊಗಸೆಯೊಡ್ಡಿ ಕುಡಿದರು. ನಾನು ಅಳತೆಯ ನೆವದಿಂದ ಬಸವಣ್ಣನ ಹಿಂದೆ ಹೋದೆ. ಪೊದೆಯಲ್ಲಿ ಒಬ್ಬ ಮುದುಕ ಕೊಡ ಬಗ್ಗಿಸಿಕೊಂಡು ಕುಳಿತಿದ್ದ. ನನ್ನನ್ನು ನೋಡಿ, "ಬ್ಯಾಗ ಕುಡದು ಹೋಗ್ರೆಪ್ಪಾ, ಕೈ ಸೋತಾವು" ಎಂದು ಪಿಸುಗುಟ್ಟಿದ. ಅಷ್ಟರಲ್ಲಿ ಕೊಡ ಬರಿದಾಗಿ ನೀರು ನಿಂತಿತು. ಸಾಹೇಬರು ಭಕ್ತಿಯಿಂದ, "ಬಿಟ್ಟು ಬಿಟ್ಟು ಹರಿಯುವ ಚಿಲುಮೆ, ಬರೆದುಕೊಳ್ಳಿ" ಎಂದರು. ನಾನು ಮುದುಕನ ವಿಷಯ ಹೇಳಿದೆ. "ನೀವು ನಾಸ್ತಿಕರೇನ್ರಿ?" ಎಂದು ಕೇಳಿದರು. ಅಲ್ಲಿಗೆ ಜೀಪು ಸುಲಭವಾಗಿ ಹೋಗುತ್ತಿತ್ತು, ಪಕ್ಕದಲ್ಲೇ ಒಂದು ಚಪ್ಪಟೆ ಬಂಡೆಯೂ ಇತ್ತು. ಉಗಮ ಅಲ್ಲೇ ಎಂದು ತೀರ್ಮಾನವಾಯಿತು.

ಇಲ್ಲಿಯವರೆಗಿನದು ನಗೆಯ ಮಾತು. ಇನ್ನು ಮುಂದಿನದಕ್ಕೆ ನನಗೆ ಆಗ ನಗು ಬರಲಿಲ್ಲ.

ಸಂತೆಕಲ್ಲೂರಿನ ಕಡೆ ಹಳ್ಳಕ್ಕೆ ಒಂದು ಕವಲು ಇತ್ತು. ಅದರ ದಂಡೆಯಲ್ಲಿ ಉಸುಕಿನದೊಡ್ಡಿ ಎಂಬ ಪುಟ್ಟ ಹಟ್ಟಿ. ಅಲ್ಲಿಯ ಬಾವಿಗಳ ನೀರು ಸವುಳು. ಅದರಲ್ಲಿ ಬೇಳೆ ಬೇಯುವುದಿಲ್ಲ, ಎಮ್ಮೆಯೂ ಮೂಸಿ ಮುಖ ತಿರುಗಿಸುತ್ತದೆ. ಇಡೀ ದೊಡ್ಡಿ ಕುಡಿಯುತ್ತಿದ್ದದ್ದು ಕವಲಿನ ಉಸುಕಿನ ವರತಿ ನೀರು. ಮನೆಗೊಂದು ವರತಿ, ಸಾಲಾಗಿ. ಬೆಳಿಗ್ಗೆ ಹಳೆಯ ನೀರು ಎತ್ತಿ ಚೆಲ್ಲಿ, ಹೊಸದು ಊರುವವರೆಗೆ ಕಾದು, ಚಿಪ್ಪಿನಿಂದ ತುಂಬಿಕೊಂಡು, ಹೋಗುವಾಗ ದನ ಇಳಿಯದಂತೆ ಮುಳ್ಳು ಮುಚ್ಚುತ್ತಾರೆ. ಹಳ್ಳ ಬಂದರೆ ಎಲ್ಲ ವರತಿಯೂ ಮುಚ್ಚಿಹೋಗುತ್ತವೆ. ಮರುದಿನ ಹೆಂಗಸರು ಬಂದು ಅದೇ ಸಾಲಿನಲ್ಲಿ, ಅವರವರ ಅತ್ತೆಯರು ತೋಡಿದ ಜಾಗದಲ್ಲೇ ಮತ್ತೆ ತೋಡುತ್ತಾರೆ. ಗುರುತಿಗೆ ಒಂದು ಕಲ್ಲೂ ಇರುವುದಿಲ್ಲ, ಜಗಳವೂ ಆಗುವುದಿಲ್ಲ. ಎಂದಾದರೂ ಜಗಳವಾದರೆ ಅದನ್ನು ಬಗೆಹರಿಸುವವಳು ಮೊದಲ ವರತಿಯ ದ್ಯಾವಮ್ಮ. ಎತ್ತರದ ಆಳು, ಗಟ್ಟಿ ಗಂಟಲು, ದೊಡ್ಡಿಯ ಗಂಡಸರೂ ಅವಳ ಮಾತಿಗೆ ಎದುರಾಡುತ್ತಿರಲಿಲ್ಲ.

ಆ ಕವಲಿನ ಮೇಲೆ ವೀರನಗೌಡರ ಕಣ್ಣು ಬಿದ್ದಿತ್ತು. ಗೌಡರು ಆ ಸುತ್ತಿನ ದೊಡ್ಡ ಹಿಡುವಳಿದಾರರು. ತುಂಗಭದ್ರೆಯ ಕಾಲುವೆ ಬರುತ್ತದೆ ಎಂಬ ಮಾತು ಎದ್ದಾಗಿನಿಂದ ನಮ್ಮ ಸೀಮೆಯಲ್ಲಿ ಕಲ್ಲು ಮುಳ್ಳಿನ ನೆಲಕ್ಕೂ ಹಕ್ಕುದಾರರು ಹುಟ್ಟಿಕೊಂಡಿದ್ದರು. ನಕ್ಷೆಯಲ್ಲಿ ಹಳ್ಳ ಎಂದು ಗೆರೆ ಬಿದ್ದರೆ ಆ ನೆಲ ಸರ್ಕಾರದ್ದು, ಯಾರಿಗೂ ಪಟ್ಟಾ ಕೊಡುವಂತಿಲ್ಲ. ಗೆರೆ ಬೀಳದಿದ್ದರೆ ಅದು ಗಾಯರಾಣ, ಬೀಳುನೆಲ. ಅರ್ಜಿ ಹಾಕಿದವರ ಹೆಸರಿಗೆ ಹೋಗಬಹುದು, ಬೇಲಿ ಬೀಳಬಹುದು. ಗೌಡರು ಅರ್ಜಿ ಹಾಕಿದ್ದರು. ಅಲ್ಲಿ ಹಳ್ಳವೇ ಇಲ್ಲ ಎಂದು ಅದರಲ್ಲಿ ಬರೆದಿದ್ದರು.

ವಿಚಾರಣೆಗೆ ಉಗಮ ಸಾಹೇಬರು ಬಂದದ್ದು ನಡು ಬೇಸಿಗೆಯಲ್ಲಿ. ದಂಡೆಯ ಮೇಲೆ ಕೊಡೆ ಹಿಡಿದು ನಿಂತು, "ಹಳ್ಳ ಅಂತೀರಲ್ಲ, ನೀರೆಲ್ಲಿ?" ಎಂದರು.

"ಅದನ್ನ ನಾನೂ ಕೇಳಾಕತ್ತೀನ್ರಿ ಸಾಹೇಬ್ರ" ಎಂದರು ಗೌಡರು. "ಹುಟ್ಟಿದಾಗಿಂದ ನೋಡೀನಿ, ಇಲ್ಲಿ ಹಳ್ಳ ಅನ್ನೂದ ಇಲ್ಲ. ಬರೇ ಉಸುಕು."

ಉಸುಕಿನಲ್ಲಿ ನಿಂತಿದ್ದ ದ್ಯಾವಮ್ಮ ತಲೆ ಎತ್ತಿದಳು. "ಗೌಡ್ರ, ನಿಮ್ಮ ಲಗ್ನದಾಗ ಹಳ್ಳ ಬಂದು ಬೀಗರು ಆಚೀ ದಂಡ್ಯಾಗ ಉಪಾಸ ಕುಂತಿದ್ರು. ಮರ್ತ್ರೇನ್ರಿ?"

"ಅದು ಮಳಿ ನೀರಬೇ."

"ಮತ್ತ ಹಳ್ಳಕ್ಕ ಇನ್ಯಾವ ನೀರು ಬರತೈತ್ರಿ?"

ಸಾಹೇಬರಿಗೆ ಈ ಸವಾಲು ಜವಾಬು ಹಿಡಿಸಲಿಲ್ಲ. ಹರಿಯುವ ನೀರನ್ನು ಅಧಿಕಾರಿ ಕಣ್ಣಾರೆ ಕಂಡಿದ್ದರೆ ಮಾತ್ರ ಅದು ಹಳ್ಳ ಎಂದರು. ಅದು ಯಾವ ಕಾನೂನಿನಲ್ಲೂ ಇರಲಿಲ್ಲ, ಜೀಪಿನಿಂದ ಇಳಿಯುವಾಗ ಅವರಿಗೆ ಹೊಳೆದದ್ದು. ದ್ಯಾವಮ್ಮ ವರತಿಯ ಮುಳ್ಳು ಸರಿಸಿ, ಚರಿಗೆ ತುಂಬಿ ತಂದು ಕೊಟ್ಟಳು. "ಕುಡೀರಿ ಯಪ್ಪಾ. ಹಳ್ಳ ಐತೋ ಇಲ್ಲೋ ನಿಮ್ಮ ನಾಲಿಗಿನ ಹೇಳಲಿ." ಬಿಸಿಲಿಗೆ ಬಾಯಾರಿದ್ದ ಸಾಹೇಬರು ಚರಿಗೆ ಇಳಿಸದೆ ಕುಡಿದರು. ಮೀಸೆ ಒರೆಸಿಕೊಂಡು, "ಬಹಳ ಸಿಹಿಯಾಗಿದೆ. ಆದರೆ ಇದು ಬಾವಿ. ನೀವು ತೋಡಿದ್ದು. ನದಿಯನ್ನು ಯಾರೂ ತೋಡುವುದಿಲ್ಲ" ಎಂದರು.

"ಸರ್, ಎರಡೂ ಕಡೆ ದಂಡೆ ಇದೆ, ನೀರು ಕೊರೆದ ಗುರುತು ಇದೆ" ಎಂದು ನಾನು ಬಾಯಿ ಹಾಕಿದೆ.

"ನಿಮ್ಮ ಕೆಲಸ ಅಳೆಯುವುದು. ಯೋಚನೆ ಮಾಡಲು ಸರ್ಕಾರ ನನ್ನನ್ನು ಇಟ್ಟಿದೆ."

ಅಷ್ಟು ಹೇಳಿ, ನಾನು ಕಾಗದದ ಮೇಲೆ ಎಳೆದಿದ್ದ ಕವಲಿನ ಗೆರೆಯನ್ನು ತಮ್ಮ ರಬ್ಬರಿನಿಂದಲೇ ಒರೆಸಿ, ಪುಡಿಯನ್ನು ಉಫ್ ಎಂದು ಊದಿ, ಗೌಡರ ಮನೆಗೆ ಮಜ್ಜಿಗೆ ಕುಡಿಯಲು ಹೋದರು. ನನಗೆ ಮೈ ಉರಿದುಹೋಯಿತು. ದ್ಯಾವಮ್ಮನ ಕೈಯ ನೀರು ಇನ್ನೂ ಅವರ ಗಂಟಲಿನಲ್ಲಿ ತಂಪಾಗಿ ಇದ್ದಿರಬೇಕು.

ದ್ಯಾವಮ್ಮ ಹತ್ತಿರ ಬಂದಳು. "ಅಳತಿ ಸಾಹೇಬ್ರ, ಅವ್ರು ಏನ್ ವರಸಿದ್ರು?"

"ನಿಮ್ಮ ಹಳ್ಳಾನಮ್ಮ."

"ಕಾಗದದ ಮ್ಯಾಲ ವರಸಿದ್ರ ಹಳ್ಳ ಹೋಗತೈತೇನ್ರಿ?"

"ಹಳ್ಳ ಹೋಗಂಗಿಲ್ಲ. ಪಟ್ಟಾ ಆದ್ರ ಗೌಡ್ರು ಬೇಲಿ ಹಾಕ್ತಾರ. ವರತಿ ಬೇಲಿ ಒಳಗ, ನೀವು ಹೊರಗ."

ಅವಳು ವರತಿಗೆ ಮುಳ್ಳು ಮುಚ್ಚಿ, ಚರಿಗೆಯನ್ನು ಉಸುಕಿನಲ್ಲಿ ತಿಕ್ಕಿ ತಿಕ್ಕಿ ತೊಳೆದಳು. ಖಾಜಾ ಸರಪಳಿ ಸುತ್ತುತ್ತ, ಸಾಹೇಬರ ವಂಶವನ್ನೆಲ್ಲ ನೆನೆದು ದಖನಿಯಲ್ಲಿ ಬೈದ.

ಮುಂಗಾರು ಆಗತಾನೆ ಕಾಲಿಟ್ಟ ದಿನಗಳಲ್ಲಿ ಪಟ್ಟಾಕ್ಕೆ ಶಿಫಾರಸು ಬರೆಯುವ ದಿನ ಬಂತು. ಗೌಡರು ಸಾಹೇಬರಿಗೆ ಊಟ ಇಟ್ಟುಕೊಂಡರು. ಅದು ತಮ್ಮದೇ ನೆಲ ಎಂದು ಊರಿಗೆಲ್ಲ ಕಾಣಲಿ ಎಂದು ಕವಲಿನ ನಟ್ಟನಡುವೆ, ವರತಿಗಳ ಸಾಲಿನಿಂದ ತುಸು ಕೆಳಗೆ, ಹಂದರ ಹಾಕಿಸಿದ್ದರು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಗಟ್ಟಿ ಮೊಸರು. ಸಾಹೇಬರು ಜೀಪನ್ನು ಉಸುಕಿಗೇ ಇಳಿಸಿ ಹಂದರದ ಮಗ್ಗುಲಿಗೆ ನಿಲ್ಲಿಸಿದರು. ನಮ್ಮ ತಲೆಯ ಮೇಲೆ ಒಂದು ಮೋಡವೂ ಇರಲಿಲ್ಲ. ಲಿಂಗಸೂಗೂರಿನ ದಿಕ್ಕು ಮಾತ್ರ ಬೆಳಗಿನಿಂದ ಕಪ್ಪಿಟ್ಟಿತ್ತು.

ಮೊದಲ ಹೋಳಿಗೆ ಬಡಿಸುವಾಗ ದೊಡ್ಡಿಯ ಹೆಂಗಸರು ಅವಸರ ಅವಸರವಾಗಿ ಬಂದು ವರತಿಗಳ ಬಳಿ ಇದ್ದ ಕೊಡ, ಚಿಪ್ಪು, ಬುಟ್ಟಿ ಎತ್ತಿಕೊಳ್ಳತೊಡಗಿದರು. ದ್ಯಾವಮ್ಮ ಹಂದರದ ಹತ್ತಿರ ಬಂದು ಕೂಗಿದಳು. "ಯಪ್ಪಾ, ಎದ್ದು ಮ್ಯಾಲ ಬರ್ರಿ. ಮ್ಯಾಲಿನ ಸೀಮ್ಯಾಗ ದೊಡ್ಡ ಮಳಿ ಆಗೈತಿ. ಹಳ್ಳ ಬರಾಕತ್ತೈತಿ."

"ಯಾವ ಹಳ್ಳ?" ಎಂದರು ಸಾಹೇಬರು, ನಗುತ್ತ. "ಗೌಡರೆ, ಇಲ್ಲಿ ಯಾವುದಾದರೂ ಹಳ್ಳ ಇದೆಯೇ?"

ಗೌಡರ ಕೈಯ ತುತ್ತು ಅಲ್ಲೇ ನಿಂತಿತು. ಹಳ್ಳ ಬರುತ್ತದೆ ಎಂಬುದು ಅವರಿಗೆ ದ್ಯಾವಮ್ಮನಷ್ಟೇ ಗೊತ್ತಿತ್ತು. ಆದರೆ ಹೇಳುವುದು ಹೇಗೆ? ಶಿಫಾರಸಿಗೆ ಇನ್ನೂ ಸಹಿ ಬಿದ್ದಿರಲಿಲ್ಲ. "ಇಲ್ರಿ... ಹಳ್ಳ ಎಲ್ಲೈತ್ರಿ" ಎಂದರು. ಸ್ವಲ್ಪ ತಡೆದು, "ಸಾಹೇಬ್ರ, ಊಟ ಅಲ್ಲೆ ಬೇವಿನ ಗಿಡದ ಕೆಳಗ ಮಾಡೂಣೇನ್ರಿ? ಗಾಳಿ ಛಲೋ ಬರತೈತಿ" ಎಂದರು.

"ಇಲ್ಲೇ ತಂಪಾಗಿದೆ. ಕೂತ್ಕೊಳ್ಳಿ ಗೌಡರೆ."

ಗೌಡರು ಕುಳಿತರು. ಒಂದು ಕಣ್ಣು ಎಲೆಯ ಮೇಲೆ, ಒಂದು ಕಣ್ಣು ಹಳ್ಳದ ತಿರುವಿನ ಮೇಲೆ. ಹೋಳಿಗೆಗೆ ತುಪ್ಪ ಹಾಕುವ ಬದಲು ನೀರು ಹಾಕಿಕೊಂಡರು. ನೋಡಲು ಬಹಳ ಹಿತವಾಗಿತ್ತು. ಆದರೆ ನನಗೂ ಜೀವದ ಆಸೆ ಇತ್ತಲ್ಲ, "ಸರ್, ಏಳಿ, ನಿಜವಾಗಿಯೂ ಬರುತ್ತದೆ" ಎಂದೆ. "ನಿಮಗೆ ಊಟ ಸೇರದಿದ್ದರೆ ಎದ್ದು ಹೋಗಿ" ಎಂದರು. ನಾನು ಎದ್ದು ಹೋದೆ. ಖಾಜಾ ಆಗಲೇ ಮೇಜು, ಝಂಡಾಗಳನ್ನೆಲ್ಲ ದಂಡೆಗೆ ಸಾಗಿಸಿ, ಹೋಳಿಗೆ ಜೇಬಿನಲ್ಲಿಟ್ಟುಕೊಂಡು ನಿಂತಿದ್ದ.

ಮೊದಲು ಬಂದದ್ದು ಸಪ್ಪಳ. ಆಮೇಲೆ ತಿರುವಿನಲ್ಲಿ ಒಣಗಿದ ಸೆಗಣಿ, ಎಲೆ, ಮುಳ್ಳುಕಂಟಿಗಳನ್ನು ದಬ್ಬಿಕೊಂಡು ನೊರೆಯ ಒಂದು ಸಾಲು ಕಾಣಿಸಿತು. "ಪಾನೀ ಆಯಾ ಸಾಬ್! ಓಡ್ರಿ!" ಎಂದು ಖಾಜಾ ಕಿರುಚಿದ. ಗೌಡರು ಆ ವಯಸ್ಸಿನಲ್ಲಿ ಹಾಗೆ ಓಡಬಲ್ಲರೆಂದು ಯಾರೂ ತಿಳಿದಿರಲಿಲ್ಲ. ಸಾಹೇಬರು ಮಾತ್ರ ದಂಡೆಗೆ ಓಡದೆ ಜೀಪಿನ ಕಡೆ ಓಡಿದರು. ಹತ್ತಿ ಕುಳಿತು ಚಾಲೂ ಮಾಡಿದರು. ಚಕ್ರ ತಿರುಗಿದಷ್ಟೂ ಉಸುಕಿನಲ್ಲಿ ಹೂತುಕೊಂಡಿತು. ಹಂದರ ಎಲೆಗಳ ಸಮೇತ ತೇಲಿ ಹೋಯಿತು. ನೋಡನೋಡುತ್ತಿದ್ದಂತೆ ನೀರು ಜೀಪಿನ ಸೀಟಿನವರೆಗೆ ಬಂತು, ಸಾಹೇಬರು ಮುಂಭಾಗದ ಮುಚ್ಚಳದ ಮೇಲೆ ಹತ್ತಿ ನಿಂತು ನಮ್ಮೆಲ್ಲರ ಹೆಸರನ್ನೂ ಕರೆದರು. ನನ್ನ ಹೆಸರು ಅವರಿಗೆ ಗೊತ್ತಿದೆ ಎಂದು ನನಗೆ ತಿಳಿದದ್ದು ಅಂದೇ.

ಖಾಜಾ ಸರಪಳಿ ಬೀಸಿ ಎಸೆದ. ಅವರು ಅದನ್ನು ಸೊಂಟಕ್ಕೆ ಸುತ್ತಿಕೊಂಡರು. ಈ ಕಡೆ ನಾನು, ಖಾಜಾ, ಸೀರೆ ಕಚ್ಚೆ ಹಾಕಿದ ದ್ಯಾವಮ್ಮ, ಅವಳ ಹಿಂದೆ ದೊಡ್ಡಿಯ ಹೆಂಗಸರೆಲ್ಲ ಹಿಡಿದು ಎಳೆದೆವು. ಸಾಹೇಬರು ಕೆಸರು ಕುಡಿಯುತ್ತ ದಂಡೆಗೆ ಬಂದು ಬಿದ್ದರು. ಜೀಪು ಒಮ್ಮೆ ಪಕ್ಕಕ್ಕೆ ವಾಲಿ, ಹೊರಳಿ, ಮಸ್ಕಿಯ ದಾರಿ ಹಿಡಿಯಿತು.

ಹೊತ್ತು ಇಳಿಯುವ ಹೊತ್ತಿಗೆ ನೀರೂ ಇಳಿಯಿತು. ಸಾಹೇಬರು ಗೌಡರ ಧೋತರ ಉಟ್ಟು ಬೇವಿನ ಗಿಡದ ಕೆಳಗೆ ನಡುಗುತ್ತ ಕುಳಿತಿದ್ದರು. ಚಳಿಗಿಂತ ಹೆಚ್ಚಾಗಿ ಅವರನ್ನು ನಡುಗಿಸುತ್ತಿದ್ದದ್ದು ಸರ್ಕಾರಿ ಜೀಪು. ಅದು ಹೇಗೆ ಹೋಯಿತೆಂದು ಅಂದೇ ಪಂಚನಾಮೆ ಆಗಬೇಕು, ಸಾಕ್ಷಿಗಳ ಸಹಿ ಬೇಕು, ಇಲ್ಲದಿದ್ದರೆ ನೌಕರಿಗೇ ಕುತ್ತು. "ಬರೀರಿ" ಎಂದರು ನನಗೆ. "ನದಿಯನ್ನು ದಾಟುವಾಗ ಹಠಾತ್ ಪ್ರವಾಹ ಬಂದು ಜೀಪು ಕೊಚ್ಚಿಹೋಯಿತು."

ನಾನು ಲೇಖನಿ ಎತ್ತಿ ಹಿಡಿದು, "ಯಾವ ನದಿ ಸರ್?" ಎಂದೆ. ಇಡೀ ನೌಕರಿಯಲ್ಲಿ ಅಷ್ಟು ಸುಖವಾಗಿ ನಾನು ಯಾವ ಪ್ರಶ್ನೆಯನ್ನೂ ಕೇಳಿಲ್ಲ.

"ಇದೇ, ಕಾಣೋದಿಲ್ವೆ?"

"ನಮ್ಮ ನಕ್ಷೆಯಲ್ಲಿ ಇಲ್ಲಿ ನದಿ ಇಲ್ಲ ಸರ್. ಒಣನೆಲದ ಮೇಲೆ ನಿಂತ ಜೀಪು ಹೇಗೆ ಮುಳುಗಿತು ಎಂದು ಹೈದರಾಬಾದಿನ ದೊಡ್ಡ ಕಚೇರಿಯವರು ಕೇಳುತ್ತಾರೆ."

ಸಾಹೇಬರು ಧೋತರದ ಗಂಟು ಬಿಗಿದುಕೊಂಡು ಜೀಪು ನಿಂತಿದ್ದ ಕಡೆ ಬೆರಳು ತೋರಿಸಿದರು. "ಗೆರೆ ಹಾಕಿ" ಎಂದರು. "ಜೀಪು ಇದ್ದ ಜಾಗದಿಂದ ಕೆಳಕ್ಕೆ. ಅದಕ್ಕಿಂತ ಮೇಲೆ ಒಂದು ಅಂಗುಲವೂ ಬೇಡ. ನಾನು ಕಣ್ಣಾರೆ ಕಂಡದ್ದು ಅಷ್ಟೇ."

ಗೌಡರ ಮುಖಕ್ಕೆ ಮತ್ತೆ ಕಳೆ ಬಂತು. ವರತಿಗಳಿದ್ದದ್ದು ಜೀಪಿಗಿಂತ ಮೇಲೆ. ಹಳ್ಳ ಜೀಪಿನಿಂದ ಶುರುವಾದರೆ ವರತಿಗಳ ನೆಲ ಗಾಯರಾಣವಾಗಿಯೇ ಉಳಿಯುತ್ತದೆ. ನಾನು ಬೇರೆ ದಾರಿ ಕಾಣದೆ ಹಾಗೆಯೇ ಬರೆದು, ಸಾಕ್ಷಿ ಹಾಕಲು ದ್ಯಾವಮ್ಮನನ್ನು ಕರೆದೆ.

"ಏನ್ ಬರ್ದೀರಿ? ಓದ್ರಿ" ಎಂದಳು. ಓದಿದೆ. ಅವಳು ಮಸಿಗೆ ಒಡ್ಡಿದ್ದ ಹೆಬ್ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು.

"ಜೀಪು ಇಲ್ಲಿ ಮುಳುಗಿಲ್ರಿ."

"ಮತ್ತೆಲ್ಲಿ?" ಎಂದರು ಸಾಹೇಬರು.

"ಮ್ಯಾಲ. ನಮ್ಮ ವರತಿ ದಾಟಿ, ಆ ಹುಣಸಿ ಗಿಡದ ಹತ್ರ."

"ಏನಮ್ಮಾ ಇದು ಸುಳ್ಳು? ನೀನೇ ನನ್ನನ್ನು ಎಳೆದದ್ದು ಇಲ್ಲಿ!"

"ನಿಮ್ಮನ್ನ ಎಳದದ್ದು ಇಲ್ಲೇರಿ. ನಾ ಹೇಳಾಕತ್ತಿದ್ದು ಜೀಪಿಂದು. ಇಲ್ಲಿ ಮುಳುಗಿತು ಅಂದ್ರ ನಾ ಏನೂ ನೋಡಿಲ್ಲ, ಇವ್ರ್ಯಾರೂ ನೋಡಿಲ್ಲ, ನಾವೆಲ್ಲ ಮನ್ಯಾಗ ರೊಟ್ಟಿ ಬಡ್ಯಾಕತ್ತಿದ್ವಿ. ಅಲ್ಲಿ ಮುಳುಗಿತು ಅಂದ್ರ ಎಲ್ಲಾರೂ ನೋಡೀವಿ."

ಹಿಂದಿದ್ದ ಹೆಂಗಸರು "ಹೌದ್ರಿ, ಹೌದ್ರಿ" ಎಂದರು. ಗೌಡರು, "ಏ ದ್ಯಾವಮ್ಮ, ಬಾಯಿ ಮುಚ್ಚಬೇ!" ಎಂದು ಎದ್ದರು. ನಾನು ಸಾಹೇಬರ ಕಿವಿಯ ಹತ್ತಿರ ಬಗ್ಗಿ, "ಹುಣಸೆ ಗಿಡದ ಹತ್ತಿರ ಗಾಡಿದಾರಿ ಹಾಯುತ್ತದೆ ಸರ್. ದಾಟುವಾಗ ಎಂದು ಬರೆಯಬಹುದು. ಇಲ್ಲಿ ದಾರಿ ಇಲ್ಲ, ಊಟದ ಹಂದರ ಇತ್ತು. ಅದನ್ನೂ ಬರೆಯಬೇಕಾಗುತ್ತದೆ" ಎಂದೆ.

ಸಾಹೇಬರು ಗೌಡರನ್ನು ನೋಡಲಿಲ್ಲ. "ಹುಣಸೆ ಗಿಡದಿಂದ ಹಾಕಿ" ಎಂದರು.

ದೊಡ್ಡಿಯ ಹೆಂಗಸರೆಲ್ಲ ಸಾಲಾಗಿ ಬಂದು ಹೆಬ್ಬಟ್ಟು ಒತ್ತಿದರು. ಆದರೆ ಹೆಬ್ಬಟ್ಟುಗಳಿಂದಷ್ಟೇ ಹೈದರಾಬಾದಿನವರು ನಂಬುವುದಿಲ್ಲ, ಓದುಬರಹದ ಮರ್ಯಾದಸ್ಥರೊಬ್ಬರ ಸಹಿ ಬೇಕು ಎಂದು ಸಾಹೇಬರಿಗೆ ಹೊಳೆಯಿತು. ಆ ಸುತ್ತಿನಲ್ಲಿ ಅಂಥವರು ಇದ್ದದ್ದು ಒಬ್ಬರೇ. ಗೌಡರು ಹಾಕುವುದಿಲ್ಲ ಎಂದರು. ಹಾಗಾದರೆ ಹಂದರ ಹಾಕಿಸಿದವರು ಯಾರೆಂದು ಬರೆಯುತ್ತೇನೆ ಎಂದರು ಸಾಹೇಬರು. ಗೌಡರು ನನ್ನ ಲೇಖನಿಯನ್ನೇ ತೆಗೆದುಕೊಂಡು, "ಈ ಹಳ್ಳವು ಪೂರ್ವಕಾಲದಿಂದ ಇಲ್ಲಿ ಹರಿಯುತ್ತಿರುವುದು ನನಗೆ ಖುದ್ದಾಗಿ ತಿಳಿದಿದೆ" ಎಂಬ ಸಾಲಿನ ಕೆಳಗೆ ಸಹಿ ಹಾಕಿದರು. ಆಮೇಲೆ ನನ್ನನ್ನು ಬದಿಗೆ ಕರೆದು, "ಪೂರ್ವಕಾಲದಿಂದ ಅಂತ ಬರೀಬೇಕಿತ್ತೇನೋ ತಮ್ಮಾ?" ಎಂದು ಕೇಳಿದರು. ಅದನ್ನು ನಾನೇ ಸೇರಿಸಿದ್ದೆ.

ನಕ್ಷೆ ಮಂಜೂರಾಗಿ ಬರುವ ಹೊತ್ತಿಗೆ ರಾಜ್ಯಗಳು ಬೇರೆಯಾಗಿ ಉಗಮ ಸಾಹೇಬರು ಆಂಧ್ರದ ಕಡೆ ಹೋದರು. ಬಸವಣ್ಣನ ಪಕ್ಕದ ಬಂಡೆಯ ಮೇಲೆ ತಮ್ಮ ಹೆಸರು ಕೆತ್ತಿಸುವುದು ಅವರಿಂದ ಆಗಲೇ ಇಲ್ಲ. ಅಧಿಕಾರಿ ಮಹಾಶಯರು ಕಣ್ಣಾರೆ ಕಂಡು ಪತ್ತೆ ಮಾಡಿದ ಮರುಭೂಮಿಯ ನದಿ ಎಂದು ಜಗತ್ತಿಗೆ ಉಳಿದದ್ದು, ಹುಣಸೆ ಗಿಡದಿಂದ ಹೊರಟ ಒಂದು ನೀಲಿ ಗೆರೆ. ನಾನು ಆ ನಕ್ಷೆಯನ್ನು ಸುರುಳಿ ಸುತ್ತಿಕೊಂಡು ಉಸುಕಿನದೊಡ್ಡಿಗೆ ಹೋದೆ. ಬೇರೆ ಯಾರಿಗೂ ನಾನು ನಕ್ಷೆಯನ್ನು ಹೀಗೆ ಒಯ್ದು ತೋರಿಸಿದ್ದಿಲ್ಲ. ಹೆಂಗಸರು ಅವರವರ ವರತಿಯ ಮುಂದೆ ಕುಳಿತು ನೀರು ತುಂಬುತ್ತಿದ್ದರು. ದ್ಯಾವಮ್ಮ ಕೈ ಒರೆಸಿಕೊಂಡು ಬಂದಳು. ಇದು ನಿಮ್ಮ ದೊಡ್ಡಿ, ಇದು ವರತಿಯ ಸಾಲು, ಇನ್ನು ಇದನ್ನು ಯಾರೂ ಒರೆಸುವಂತಿಲ್ಲ ಎಂದು ಬೆರಳಿಟ್ಟು ತೋರಿಸಿದೆ. ಅವಳ ಕಣ್ಣು ಒದ್ದೆಯಾಯಿತು. ನನ್ನದೂ ಆಯಿತು.

ಅವಳು ಗೆರೆಯ ಮೇಲೆ ಬೆರಳು ಸರಿಸುತ್ತ ಹುಣಸೆ ಗಿಡದವರೆಗೆ ಬಂದು ನಿಲ್ಲಿಸಿದಳು. "ಇದರ ಮ್ಯಾಲ?"

"ಮ್ಯಾಲ ಇಲ್ಲಮ್ಮ. ಇಲ್ಲಿಂದ ಶುರು."

ಅವಳ ಹಿಂದೆ ನನಗೆ ಗುರುತಿಲ್ಲದ ಇಬ್ಬರು ಹೆಂಗಸರು ಬರಿಗೊಡ ಹಿಡಿದು ನಿಂತಿದ್ದರು. ದ್ಯಾವಮ್ಮ ಅವರನ್ನು ಮುಂದಕ್ಕೆ ಕರೆದಳು. "ಇವ್ರು ಮ್ಯಾಲಿನ ಹಟ್ಟಿಯವ್ರು ರೀ. ಅಲ್ಲಿಯ ಗೌಡ್ರೂ ಅರ್ಜಿ ಹಾಕ್ಯಾರ, ಹೋದ ವಾರ ಇವ್ರ ವರತಿಗೆ ಬೇಲಿ ಬಿದ್ದೈತಿ." ಆಮೇಲೆ ನನ್ನ ಮುಖವನ್ನೇ ನೋಡುತ್ತ ಕೇಳಿದಳು. "ಅಳತಿ ಸಾಹೇಬ್ರ, ನಿಮ್ಮ ಕಚೇರ್ಯಾಗ ಇನ್ನೊಂದು ಜೀಪು ಐತೇನ್ರಿ?"

ನಾನು ನಗಲು ಹೋದೆ. ಆ ಇಬ್ಬರು ನಗಲಿಲ್ಲ. ನಾನೇನು ಹೇಳುತ್ತೇನೆ ಎಂದು ಕಾಯುತ್ತ ನಿಂತಿದ್ದರು.